ನೀರಿಗೆ ಇನ್ನೂ ಹೊತ್ತಿದೆ

ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ನಾನು ಟೈಂಕೀಪರ್.
ಸುರತ್ಕಲ್ಲಿನ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ
ಹಿಂದಿನ ಬಸ್ಸಿನವನು ಬಂದು ನನ್ನ ಅಂಗಿ ಹಿಡಿಯುತ್ತಾನೆ.
ಇಪ್ಪತ್ತೆರಡು ವರ್ಷ ಊರಿನ ನಿಮಿಷ ಎಣಿಸಿದವನು
ಈಗ ತುತ್ತಿನ ನಿಮಿಷ ಎಣಿಸುತ್ತೇನೆ.

ಕಂಕನಾಡಿಯ ಡಾಕ್ಟ್ರು ಹೊಟ್ಟೆಯ ಮುಕ್ಕಾಲು ಕತ್ತರಿಸಿ ತೆಗೆದು
ಉಳಿದದ್ದಕ್ಕೆ ಹೊಲಿಗೆ ಹಾಕಿದರು.
ಒಂದು ಕದಳಿ ಬಾಳೆಹಣ್ಣಿನಷ್ಟು, ಅಂದರು.
ತೆಗೆದದ್ದು ಎಲ್ಲಿಗೆ ಹೋಗುತ್ತದೆ ಡಾಕ್ಟ್ರೇ, ಅಂದೆ.
ನಕ್ಕರು. ನಾನು ನಿಜಕ್ಕೂ ಕೇಳಿದ್ದೆ.
ಅಮ್ಮ ಬೀಡಿ ಕಟ್ಟಿ ತಂದ ದುಡ್ಡಿನ ಗಂಜಿ, ನನ್ನ ಮದುವೆಯ ಊಟ,
ನಲವತ್ತೆಂಟು ವರ್ಷದ ಬಂಗುಡೆ
ಎಲ್ಲ ಬಂದು ಹೋದ ಚೀಲವಲ್ಲವೇ ಅದು.

ಮೊದಲ ವಾರ ವಾರಿಜ ಅಟ್ಟದಿಂದ ಒಳಲೆ ಇಳಿಸಿದಳು,
ಮಗಳಿಗೆ ಬಜೆ ತೇಯ್ದು ಕುಡಿಸಿದ್ದು.
ಹುಣಸೆ ಹಾಕಿ ತಿಕ್ಕಿ, ಗಂಜಿತಿಳಿ ತುಂಬಿ
'ಆ' ಅನ್ನಿ, ಅಂದಳು.
ನೂರಮೂವತ್ತೆಂಟು ಕಿಲೋದ ಶಿಶು ಬಾಯಿ ತೆರೆಯಿತು.
ಇಬ್ಬರೂ ನಗಲಿಲ್ಲ. ನನಗೆ ಹೊಲಿಗೆ ಎಳೆಯುತ್ತಿತ್ತು,
ಅವಳಿಗೇನೋ ಗೊತ್ತಿಲ್ಲ.

ಹಸಿವು ಇಲ್ಲ. ಇದನ್ನು ಹೇಗೆ ಹೇಳುವುದು?
ದಿನಾ ಹನ್ನೊಂದಕ್ಕೆ ಬರುತ್ತಿದ್ದ ಹಳೇ ಗಿರಾಕಿ
ಹೇಳದೆ ಕೇಳದೆ ಊರು ಬಿಟ್ಟ ಹಾಗೆ.
ಆದರೆ ಕಾಲಿಗೆ ಸುದ್ದಿ ಮುಟ್ಟಿಲ್ಲ:
ಹನ್ನೊಂದಕ್ಕೆ ತಾನಾಗಿ ಕ್ಯಾಂಟೀನಿಗೆ ನಡೆಯುತ್ತದೆ,
ಗೋಳಿಬಜೆ ಎಣ್ಣೆಯಲ್ಲಿ ಮಗ್ಗುಲು ಬದಲಿಸುವ ಸದ್ದಿಗೆ
ನಾಲಿಗೆಯಡಿ ನೀರೂರುತ್ತದೆ.
ಹೊಟ್ಟೆ ಬಾಗಿಲು ಹಾಕಿದೆ,
ತಲೆಯಲ್ಲಿ ಇನ್ನೂ ಪಂಕ್ತಿ ಕೂತಿದೆ.

ಭಾವನ ಮನೆಯ ಒಕ್ಕಲಿನಲ್ಲಿ
ಕಡ್ಲೆಬೇಳೆ ಪಾಯಸ, ಎರಡೇ ಚಮಚ.
ಎದೆ ಡಬಡಬ, ಬೆವರು, ಕಿವಿಯೊಳಗೆ ಖಾಲಿ ಬಸ್ಸಿನ ಇಂಜಿನು.
ಚಪ್ಪರದ ಹಿಂದೆ ತೆಂಗಿನಕಟ್ಟೆಯಲ್ಲಿ ನಲವತ್ತು ನಿಮಿಷ ಕೂತಿದ್ದೆ.
ಅತ್ತಿಗೆಗೆ ಬೇಸರ: 'ನಮ್ಮ ಮನೆಯ ಊಟ ಹಿಡಿಸಲಿಲ್ಲ ಇವರಿಗೆ.'
'ಉಳಿದವರಿಗೂ ಸ್ವಲ್ಪ ಇರಲಿ ಮಾರಾಯ್ರೆ'
ಅಂತ ಒಂದು ಕಾಲದಲ್ಲಿ ಅಂದವಳೂ ಅವಳೇ.

ಲಾಭವನ್ನೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ.
ಶೂ ಲೇಸು ನಾನೇ ಕಟ್ಟುತ್ತೇನೆ.
ಫ್ರಿಜ್ಜಿನಿಂದ ಇನ್ಸುಲಿನ್ ಹೋಯಿತು, ಆ ಜಾಗದಲ್ಲಿ ಕರಿಬೇವು.
'ಡಬಲ್ ಸೀಟ್ ಲೋಕಯ್ಯಣ್ಣ' ಅನ್ನುತ್ತಿದ್ದ ಕಂಡಕ್ಟರುಗಳು
ಈಗ ಏನು ಕರೆಯುವುದೆಂದು ತಿಳಿಯದೆ ಸುಮ್ಮನೆ ಪೀಪಿ ಊದುತ್ತಾರೆ.
ಬಾಚಣಿಗೆ ತುಂಬ ಕೂದಲು.
ಅದು ಲಾಭವಲ್ಲ. ಇರಲಿ.

ವಾರಿಜನ ಕೈ ಮಾತ್ರ ಹೊಸ ಅಳತೆ ಕಲಿಯಲಿಲ್ಲ.
ಅಷ್ಟೇ ಕುಚ್ಚಲಕ್ಕಿ ಹಾಕುತ್ತಾಳೆ,
ರಾತ್ರಿ ಉಳಿದ ಪಾತ್ರೆ ನೋಡುತ್ತಾ ನಿಲ್ಲುತ್ತಾಳೆ.
ಹನ್ನೆರಡು ಗಂಟೆಗೆ ಲೈಟು ಹಾಕದೆ
ತಣ್ಣಗಿನ ಕೋಳಿಸಾರಿಗೆ ರೊಟ್ಟಿ ಮುರಿದು
ಒಂದೇ ಬಟ್ಟಲಿಗೆ ಎರಡು ಕೈ.
ನಮ್ಮ ಪ್ರೀತಿಯ ಅರ್ಧ ಅಲ್ಲೇ ಇತ್ತು ಅಂತ
ಆಪರೇಷನ್ನಿನ ಮೊದಲು ಸೈನು ಹಾಕಿಸಿದ ಕಾಗದದಲ್ಲಿ
ಎಲ್ಲಿಯೂ ಬರೆದಿರಲಿಲ್ಲ.

ಈಗ ಮಧ್ಯಾಹ್ನ. ಬುತ್ತಿಯಲ್ಲಿ ಬಂಗುಡೆಯ ಬೆನ್ನು, ಎರಡು ಬೆರಳಗಲ.
ಒಂದು ತುತ್ತಿಗೆ ಇಪ್ಪತ್ತು ಜಗಿತ.
ಹದಿನೇಳನೆಯದರ ಹೊತ್ತಿಗೆ ಪುಳಿಮುಂಚಿ ಬಿಚ್ಚಿಕೊಳ್ಳುತ್ತದೆ,
ಹುಳಿ ಬೇರೆ, ಮೆಣಸು ಬೇರೆ, ಕಡಲು ಬೇರೆ.
ಇದು ಮೊದಲೂ ಇತ್ತೋ ಏನೋ.
ಬಾಲ ಬೆಕ್ಕಿಗೆ.

ಉಳ್ಳಾಲ ಬಸ್ಸಿನ ಡ್ರೈವರ್ ಕಿಟಕಿಯಿಂದ ಕೂಗುತ್ತಾನೆ:
'ವನಸ್ ಆಂಡಾ?'
ಹೇಗಿದ್ದೀರಿ ಅಂತ ಈ ಊರಲ್ಲಿ ಯಾರೂ ಕೇಳುವುದಿಲ್ಲ,
ಊಟ ಆಯಿತಾ ಅಂತಲೇ ಕೇಳುವುದು.
'ಆಂಡ್' ಅನ್ನುತ್ತೇನೆ.
ಆರು ತುತ್ತು. ಆಂಡ್.
ಬಾಯಾರಿಕೆ. ಬಾಟಲಿ ಮೊಣಕೈಗೆ ತಾಗುತ್ತಿದೆ.
ವಾಚು ನೋಡುತ್ತೇನೆ:
ನನಗೆ ನೀರಿಗೆ ಇನ್ನು ಹನ್ನೊಂದು ನಿಮಿಷ,
ಅವನಿಗೆ ಹೊರಡಲು ಎರಡು.